ಮೆಕ್ಕೆಜೋಳಕ್ಕೆ ವೈರಸ್ ತಡೆಯುವ ಶಕ್ತಿ ತುಂಬೋದು ಹೇಗೆ: ಪುಣೆ ಕಡೆಯ ಹೊಲದಲ್ಲಿ ಕಲಿತದ್ದು

ನಮ್ಮ ರಾಣೆಬೆನ್ನೂರು ಕಡೆ ಇದಕ್ಕೆ ಗೋವಿನಜೋಳ ಅಂತೀವಿ. ಮೈಸೂರು ಕಡೆಯವರು ಮುಸುಕಿನ ಜೋಳ ಅಂತಾರೆ. ಇಲ್ಲಿ ಪುಣೆಯಲ್ಲಿ ಎಲ್ಲರ ಬಾಯಲ್ಲೂ ಮಕಾ. ಹೆಸರು ಏನೇ ಇರಲಿ, ಮಂಚರ್, ಶಿರೂರು, ಬಾರಾಮತಿ ಕಡೆ ಹಾಲಿನ ದನಗಳ ರಸಮೇವಿಗೆ, ಅಂದ್ರೆ ಸೈಲೇಜಿಗೆ, ಇದನ್ನು ವರ್ಷಪೂರ್ತಿ ಬಿತ್ತುತ್ತಾರೆ, ಪಕ್ಕದಲ್ಲೇ ಕಬ್ಬು ನಿಂತಿರುತ್ತದೆ. ಎಲೆಗೆ ಮಚ್ಚೆ ತರುವ ಕಬ್ಬಿನ ಮೊಸಾಯಿಕ್ ವೈರಸ್, ಗಿಡದ ರಸ ಹೀರುವ ಹೇನಿನ (ಏಫಿಡ್) ಬೆನ್ನೇರಿ ಈಚೆ ಬರುವುದಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ವೈರಸ್ಸಿಗೆ ಔಷಧಿ ಇಲ್ಲ. ಹೇನಿಗೆ ಔಷಧಿ ಇದೆ, ಆದರೆ ಮೊಸಾಯಿಕ್ ವಿಷಯದಲ್ಲಿ ಅದು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಹೇನು ರೋಗದ ಎಲೆಗೆ ಒಮ್ಮೆ ಸೂಜಿ ಚುಚ್ಚಿ ಕೆಲವೇ ಸೆಕೆಂಡಿನಲ್ಲಿ ವೈರಸ್ ಹಿಡಿಯುತ್ತದೆ, ಪಕ್ಕದ ಗಿಡಕ್ಕೆ ಹಾರಿ ಅಷ್ಟೇ ಬೇಗ ಬಿಡುತ್ತದೆ, ನಾವು ಹೊಡೆದ ಔಷಧಿಗೆ ಅದು ಸಾಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಹಾಗಾಗಿ ಗಟ್ಟಿ ದಾರಿ ಒಂದೇ, ತಳಿಯಲ್ಲೇ ತಡೆ ಇರಬೇಕು. ಇದನ್ನು ದೊಡ್ಡ ಕಂಪನಿಗಳು ಮಾತ್ರ ಮಾಡಬೇಕು ಅಂತೇನಿಲ್ಲ. ಹತ್ತಿಪ್ಪತ್ತು ಗುಂಟೆ ಜಾಗ, ಒಂದು ಸಣ್ಣ ನೆಟ್ ಹೌಸ್, ಹಿಡಿದ ಕೆಲಸ ಬಿಡದ ನಾಲ್ಕು ಜನ, ನಾಲ್ಕೈದು ವರ್ಷದ ತಾಳ್ಮೆ ಇದ್ದರೆ ರೈತರ ಗುಂಪು ಅಥವಾ ಕೃಷಿ ಕಾಲೇಜಿನ ಹುಡುಗರು ಮಾಡಬಹುದು. ಬೀಜದ ಹೊಲಗಳ ನಡುವೆ ಬೆಳೆದು, ಪುಣೆಗೆ ಬಂದ ಮೇಲೂ ಇದೇ ಕೆಲಸದಲ್ಲಿ ಇರುವವನು ನಾನು. ನನಗೆ ಗೊತ್ತಿದ್ದಷ್ಟನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲೇ ಒಂದು ಮಾತು, ಯಾಕಂದ್ರೆ ಮುಂದಿನ ಎಲ್ಲ ಕೆಲಸವೂ ಇದರ ಮೇಲೆ ನಿಂತಿದೆ. ರೋಗ ಬಾರದ ಗಿಡ ಬೇರೆ, ರೋಗ ತಡೆಯುವ ಗಿಡ ಬೇರೆ. ಹೇನು ಆ ಗಿಡದ ಮೇಲೆ ಕೂರಲೇ ಇಲ್ಲ ಅಂದ್ರೆ ಅದು ಹಸಿರಾಗಿಯೇ ಇರುತ್ತದೆ. ನಾನು ಶುರುವಿನಲ್ಲಿ ಒಂದು ಮುಂಗಾರಿನಲ್ಲಿ ಚೆನ್ನಾಗಿ ಕಂಡ ಗಿಡಗಳನ್ನೆಲ್ಲ ಆರಿಸಿ, ಚೀಲ ಕಟ್ಟಿ, ಬೀಜ ತೆಗೆದು, ಎಷ್ಟು ಖುಷಿಯಲ್ಲಿದ್ದೆ. ಆ ವರ್ಷ ಜುಲೈಯಲ್ಲಿ ಜೋರು ಮಳೆ, ಹೇನುಗಳೆಲ್ಲ ತೊಳೆದುಹೋಗಿದ್ದವು. ಅದೇ ಬೀಜ ನವೆಂಬರಿನಲ್ಲಿ ಬಿತ್ತಿದಾಗ ಸಾಲಿಗೆ ಸಾಲೇ ಮೊಸಾಯಿಕ್. ಒಂದು ವರ್ಷದ ಕೆಲಸ ಹೋಯಿತು. ಆರಿಸಿದ್ದು ತಡೆಯುವ ಶಕ್ತಿಯನ್ನಲ್ಲ, ಆ ಗಿಡಗಳ ಅದೃಷ್ಟವನ್ನು.

ರೋಗ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

"ವೈರಸ್ಸಿಗೆ ತಡೆ" ಅಂತ ಒಂದೇ ವಸ್ತು ಇಲ್ಲ. ಒಂದೊಂದು ವೈರಸ್ಸಿಗೆ ಒಂದೊಂದು ಜೀನು, ಒಂದೊಂದು ಹರಡುವ ಹುಳ. ಕಬ್ಬಿನ ಮೊಸಾಯಿಕ್ ವೈರಸ್ ಮತ್ತು ಮೆಕ್ಕೆಜೋಳದ ಕುಳ್ಳು ಮೊಸಾಯಿಕ್ ವೈರಸ್ ಒಂದೇ ಕುಟುಂಬದವು, ಎರಡನ್ನೂ ಹೇನು ಹರಡುತ್ತದೆ. ಪಟ್ಟೆ ರೋಗದ ವೈರಸ್ಸನ್ನು ಹರಡುವುದು ಬಿಳಿಜೋಳದ ಸುಳಿ ತಿಗಣೆ. ಆಫ್ರಿಕಾದ ಗೆರೆ ರೋಗ, ಅಂದ್ರೆ ಸ್ಟ್ರೀಕ್, ಜಿಗಿಹುಳದಿಂದ ಬರುತ್ತದೆ. ಒಂದಕ್ಕೆ ಮಾಡಿದ ತಳಿ ಇನ್ನೊಂದಕ್ಕೆ ಬಗ್ಗಿಬಿಡಬಹುದು.

ಗುರುತಿಸೋದು ಹೀಗೆ. ಬೆಳಿಗ್ಗೆ ಎಂಟರ ಹೊತ್ತಿಗೆ ಹೊಲಕ್ಕೆ ಹೋಗಿ, ಸುಳಿಯಿಂದ ಆಗಷ್ಟೇ ಬಿಚ್ಚಿಕೊಳ್ಳುತ್ತಿರುವ ಎಲೆ ಹಿಡಿದು, ಅದರ ಬುಡವನ್ನು ಸೂರ್ಯನಿಗೆ ಅಡ್ಡ ಹಿಡಿಯಿರಿ. ಮೊಸಾಯಿಕ್ ಇದ್ದರೆ ತಿಳಿ ಹಸಿರಿನ ನಡುವೆ ಕಡು ಹಸಿರಿನ ಸಣ್ಣ ಸಣ್ಣ ದ್ವೀಪಗಳು ಕಾಣುತ್ತವೆ. ತುದಿಯಲ್ಲಿ ನೋಡಿದರೆ ಸಿಗಲ್ಲ, ಬುಡದಲ್ಲೇ ಶುರುವಾಗುವುದು. ನಮ್ಮ ಹೊಲದಲ್ಲಿ ಇದನ್ನು ಮೊದಲು ಕಂಡದ್ದು ನಾನಲ್ಲ, ಚೀಲ ಕಟ್ಟಲು ಬರುತ್ತಿದ್ದ ಇಂಡಿ ಕಡೆಯ ಒಬ್ಬ ಅಕ್ಕ. "ಅಣ್ಣಾ, ಈ ಸಾಲಿನ್ಯಾಗ ಎಲಿ ಮ್ಯಾಲ ಮಜ್ಜಿಗಿ ಚೆಲ್ಲಿದಂಗ ಐತಿ ನೋಡ್ರಿ" ಅಂದರು. ಮಜ್ಜಿಗೆ ಚೆಲ್ಲಿದ ಹಾಗೆ. ಪುಸ್ತಕದಲ್ಲಿ ಓದಿದ ಯಾವ ವಿವರಣೆಗಿಂತಲೂ ಅದು ಸರಿಯಾಗಿತ್ತು, ಈಗ ಹೊಸಬರಿಗೆ ನಾನೂ ಹಾಗೇ ಹೇಳಿಕೊಡುತ್ತೇನೆ. ಪುಣೆ ಸುತ್ತಲಿನ ಹೊಲಗಳಿಗೆ ಇಂಡಿ, ಸಿಂದಗಿ, ಆಳಂದ ಕಡೆಯಿಂದ ಕೆಲಸಕ್ಕೆ ಬರುವ ನಮ್ಮವರು ತುಂಬಾ ಜನ ಇದ್ದಾರೆ, ಅವರ ಕಣ್ಣಿಗೆ ಬೆಲೆ ಕೊಡಿ. ದಿನಕ್ಕೆ ಸಾವಿರ ಗಿಡ ಮುಟ್ಟುವವರು ಅವರೇ ಅಲ್ವಾ.

ಮೋಸ ಹೋಗುವ ಜಾಗಗಳೂ ಇವೆ. ಸತುವಿನ ಕೊರತೆ ಆದರೆ ಎಲೆಯ ನಡುದಂಟಿನ ಎರಡೂ ಕಡೆ ಅಗಲವಾದ ಬಿಳಿ ಪಟ್ಟೆ ಬರುತ್ತದೆ, ಜಿಂಕ್ ಸಲ್ಫೇಟ್ ಸಿಂಪಡಿಸಿದರೆ ಹೊಸ ಎಲೆ ಸರಿಹೋಗುತ್ತದೆ. ವೈರಸ್ ಆದರೆ ಏನು ಕೊಟ್ಟರೂ ಸರಿಹೋಗಲ್ಲ. ಕಳೆನಾಶಕ ತಾಗಿದರೂ ಎಲೆ ಬಿಳಿಚುತ್ತದೆ, ಆದರೆ ಅದು ಹೊಡೆದ ಸಾಲಿನ ಉದ್ದಕ್ಕೂ ಒಂದೇ ಸಮ ಕಾಣುತ್ತದೆ. ಕೇದಿಗೆ ರೋಗದಲ್ಲಿ, ಅಂದ್ರೆ ಡೌನಿ ಮಿಲ್‌ಡ್ಯೂನಲ್ಲಿ, ನಸುಕಿನಲ್ಲಿ ಎಲೆಯ ಅಡಿಗೆ ಬಿಳಿ ಬೂಷ್ಟು ಇರುತ್ತದೆ, ಬಿಸಿಲೇರಿದ ಮೇಲೆ ಹೋದರೆ ಅದು ಕಾಣೋದಿಲ್ಲ.

ಕಣ್ಣಿನ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಕಬ್ಬಿನಲ್ಲೇ ನೋಡಿ, ಮೊಸಾಯಿಕ್ ಥರ ಕಂಡದ್ದು ಕಬ್ಬಿನ ಮೊಸಾಯಿಕ್ ವೈರಸ್ ಇರಬಹುದು, ಶುಗರ್‌ಕೇನ್ ಸ್ಟ್ರೀಕ್ ಮೊಸಾಯಿಕ್ ಅನ್ನೋ ಬೇರೆಯದೇ ವೈರಸ್ ಇರಬಹುದು, ನಮ್ಮ ದೇಶದ ಕಬ್ಬಿನಲ್ಲಿ ಎರಡೂ ಇವೆ. ಯಾವ ವೈರಸ್ ಅಂತ ಲ್ಯಾಬಿನಲ್ಲಿ ಪತ್ತೆ ಮಾಡುವ ಎಲೈಸಾ ಅಥವಾ ಪಿಸಿಆರ್ ಪರೀಕ್ಷೆ ಮಾಡಿಸಲೇಬೇಕು. ಪುಣೆಯಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ. ಇಲ್ಲಿ 1907ರಲ್ಲಿ ಶುರುವಾದ ಕೃಷಿ ಕಾಲೇಜು ಶಿವಾಜಿನಗರದಲ್ಲಿದೆ, ಸಸ್ಯ ವೈರಸ್‌ಗಳ ಮೇಲೆ ಕೆಲಸ ಮಾಡುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ (ಐಎಆರ್‌ಐ) ಪ್ರಾದೇಶಿಕ ಕೇಂದ್ರ ಇದೆ, ಕಬ್ಬಿಗೆ ಮಾಂಜರಿಯಲ್ಲಿ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇದೆ. ಎಲೆಯನ್ನು ಸಣ್ಣಗೆ ಕತ್ತರಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಒಣಗಿಸಿ, ದಿನಾಂಕ, ಊರು, ತಳಿ ಬರೆದು ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಸಿ ಎಲೆ ತುಂಬಿ ಬಸ್ಸಿನಲ್ಲಿ ತಂದರೆ ಬೆವರಿ ಕೊಳೆತುಹೋಗುತ್ತದೆ.

ತಡೆ ಇರುವ ತಳಿ ಎಲ್ಲಿ ಹುಡುಕೋದು

ಮೂಲ ಬೀಜ ಸಿಗದೆ ಕೆಲಸ ಶುರುವಾಗಲ್ಲ. ಮೊಸಾಯಿಕ್ ಕುಟುಂಬದ ವೈರಸ್‌ಗಳಿಗೆ ಹಳೆಯ ಹೆಸರು ಅಮೆರಿಕದ ಪಿಎ405 ಅನ್ನೋ ಒಳತಳಿ, ಅಂದ್ರೆ ತನ್ನದೇ ಪರಾಗ ಹಾಕಿ ಹಲವು ತಲೆಮಾರು ಬೆಳೆಸಿ ಶುದ್ಧ ಮಾಡಿದ ತಳಿ. ಇದರ ತಡೆ ಆರನೇ ಕ್ರೋಮೊಸೋಮಿನಲ್ಲಿದೆ ಅಂತ ಪತ್ತೆಯಾದ ಮೇಲೆ ಎಷ್ಟೋ ಕೆಲಸ ಸಲೀಸಾಯಿತು. ಕಬ್ಬಿನ ಮೊಸಾಯಿಕ್‌ಗೆ ತಡೆಯ ಜೀನು ಇರುವುದು ಮುಖ್ಯವಾಗಿ ಎರಡು ಜಾಗದಲ್ಲಿ, ಆರನೇ ಕ್ರೋಮೊಸೋಮಿನಲ್ಲಿ ಎಸ್‌ಸಿಎಂವಿ1, ಮೂರನೆಯದರಲ್ಲಿ ಎಸ್‌ಸಿಎಂವಿ2. ಮೊದಲನೆಯದು ಗಿಡ ಎಳೆಯದಿರುವಾಗಿನಿಂದಲೇ ಕಾಯುತ್ತದೆ, ಎರಡನೆಯದು ಸ್ವಲ್ಪ ತಡವಾಗಿ ಕೈಜೋಡಿಸುತ್ತದೆ. ಪೂರ್ತಿ ತಡೆ ಬೇಕಂದ್ರೆ ಎರಡೂ ಇರಬೇಕು. ಈ ಮಾತನ್ನು ನೆನಪಿಡಿ, ಗಿಡ ಎಷ್ಟು ಬೆಳೆಸಬೇಕು ಅನ್ನೋ ಲೆಕ್ಕಕ್ಕೆ ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಕೇಳಬೇಕಾದ ಜಾಗ ಲುಧಿಯಾನದ ಭಾರತೀಯ ಮೆಕ್ಕೆಜೋಳ ಸಂಶೋಧನಾ ಸಂಸ್ಥೆ, ಸಸ್ಯ ತಳಿಗಳ ಬೀಜ ಕಾಪಾಡುವ ದೆಹಲಿಯ ರಾಷ್ಟ್ರೀಯ ಸಂಸ್ಥೆ ಎನ್‌ಬಿಪಿಜಿಆರ್, ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಸಂಸ್ಥೆ ಸಿಮ್ಮಿಟ್‌ನ ಹೈದರಾಬಾದ್ ಕೇಂದ್ರ. ಹತ್ತಿರದಲ್ಲಿ ಬೇಕಂದ್ರೆ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಮೆಕ್ಕೆಜೋಳದ ಕೆಲಸ ಕೊಲ್ಹಾಪುರದಲ್ಲಿ ನಡೆಯುತ್ತದೆ. ಪುಣೆಯಿಂದ ಊರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಒಮ್ಮೆ ಇಳಿದು ಮಾತಾಡಿ ಬನ್ನಿ. ರೈತರು ವರ್ಷಾನುಗಟ್ಟಲೆ ಉಳಿಸಿಕೊಂಡು ಬಂದ ನಾಟಿ ಬೀಜಗಳನ್ನೂ ಬಿಡಬೇಡಿ. ಅವುಗಳ ಇಳುವರಿ ಕಡಿಮೆ ಇರಬಹುದು, ಆದರೆ ನೂರು ಗಿಡದಲ್ಲಿ ಎರಡು ಗಿಡ ತಡೆದುಕೊಂಡರೂ ಅದು ಚಿನ್ನ.

ವಿದೇಶದಿಂದ ಬೀಜವನ್ನು ಜೇಬಿನಲ್ಲಿ ಇಟ್ಟುಕೊಂಡು ತರುವ ಕೆಲಸ ಯಾವತ್ತೂ ಮಾಡಬೇಡಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಕೆನ್ಯಾದ ಬೊಮೆಟ್‌ನಲ್ಲಿ 2011ರಲ್ಲಿ ಆದದ್ದು ನೋಡಿ. ಮೇಝ್ ಕ್ಲೋರೋಟಿಕ್ ಮಾಟಲ್ ಅನ್ನೋ ವೈರಸ್ಸು ಕಬ್ಬಿನ ಮೊಸಾಯಿಕ್ ವೈರಸ್ಸಿನ ಜೊತೆ ಸೇರಿದಾಗ ಗಿಡಗಳು ನಿಂತಲ್ಲೇ ಒಣಗಿದವು, ತೆನೆ ಕಟ್ಟಲೇ ಇಲ್ಲ. ಅದನ್ನು ಮೇಝ್ ಲೀಥಲ್ ನೆಕ್ರೋಸಿಸ್ ಅಂತಾರೆ. ಒಂದೊಂದೇ ಬಂದಿದ್ದರೆ ಅಷ್ಟು ಹಾಳಾಗುತ್ತಿರಲಿಲ್ಲ, ಎರಡೂ ಸೇರಿ ಗಿಡವನ್ನು ಕೊಂದವು. ಮಾಟಲ್ ವೈರಸ್ ಸ್ವಲ್ಪ ಪ್ರಮಾಣದಲ್ಲಿ ಬೀಜದ ಮೂಲಕವೂ ಹೋಗುತ್ತದೆ. ಅದರ ಜೋಡಿದಾರ ಕಬ್ಬಿನ ಮೊಸಾಯಿಕ್ ನಮ್ಮಲ್ಲಿ ಆಗಲೇ ಮನೆ ಮಾಡಿಕೊಂಡಿದೆ. ಹೊರಗಿನ ಬೀಜ ಬೇಕಿದ್ದರೆ ಎನ್‌ಬಿಪಿಜಿಆರ್ ಮೂಲಕ, ಕ್ವಾರಂಟೈನ್ ಮುಗಿಸಿಕೊಂಡೇ ತರಿಸಿ, ಆರು ತಿಂಗಳು ತಡವಾದರೂ ಪರವಾಗಿಲ್ಲ.

ಪ್ರತಿ ಗಿಡಕ್ಕೂ ರೋಗ ಮುಟ್ಟಿಸೋದು

ಇದೇ ಇಡೀ ಕೆಲಸದ ಜೀವ. ಕೆನ್ಯಾದವರು ಮಾಡಿದ್ದೂ ಇದೇ. 2013ರಲ್ಲಿ ನೈವಾಶಾದಲ್ಲಿ ರೋಗ ಹಚ್ಚಿ ನೋಡುವುದಕ್ಕೇ ಅಂತ ಒಂದು ದೊಡ್ಡ ಕೇಂದ್ರ ಕಟ್ಟಿದರು. ಸಾವಿರಾರು ತಳಿಗೆ ಕೈಯಾರೆ ವೈರಸ್ ಹಚ್ಚಿ ನೋಡಿದ್ದರಿಂದಲೇ ತಡೆಯುವ ತಳಿಗಳು ಬೇರೆಯಾಗಿ ಕಂಡವು.

ನಿಮ್ಮ ಊರಿನಲ್ಲಿ ಆಗಲೇ ಇರುವ ವೈರಸ್ಸನ್ನು ಮಾತ್ರ ಬಳಸಿ. ಬೇರೆ ಜಿಲ್ಲೆಯಿಂದ ತರಬೇಡಿ. ಅಕ್ಕಪಕ್ಕದ ಹೊಲದವರಿಗೆ ಮೊದಲೇ ಹೇಳಿ, ಅವರ ಮಕಾ ಇರುವ ಬದುವಿನಿಂದ ದೂರ ಮಾಡಿ. ಒಬ್ಬರ ಬೆಳೆ ಕೆಡಿಸಿ ನಾವು ತಳಿ ಮಾಡೋದು ಸರಿಯಲ್ಲ.

ಮೊಸಾಯಿಕ್‌ನ ಒಳ್ಳೆ ಗುಣ ಅಂದ್ರೆ ಅದನ್ನು ಎಲೆ ಉಜ್ಜಿ ಹಚ್ಚಬಹುದು. ರೋಗ ಇರುವ ಎಳೆ ಎಲೆ ಒಂದು ಗ್ರಾಂ, ಪಿಎಚ್ 7 ಇರುವ 0.1 ಮೋಲಾರ್ ಫಾಸ್ಫೇಟ್ ಬಫರ್ ಹತ್ತು ಮಿಲಿಲೀಟರ್. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಪಾತ್ರೆಯನ್ನು ಐಸಿನ ಮೇಲೆ ಇಡಿ. ಅದಕ್ಕೆ 600 ಮೆಶ್ ಕಾರ್ಬೊರಂಡಮ್ ಪುಡಿ ಒಂದು ಚಿಟಿಕೆ. ಗಿಡಕ್ಕೆ ಎರಡು ಮೂರು ಎಲೆ ಬಂದಿರಬೇಕು, ಅಂದ್ರೆ ಬಿತ್ತಿ ಹತ್ತು ಹನ್ನೆರಡು ದಿನ. ಬೆರಳಿಗೆ ಸ್ಪಂಜು ಅಥವಾ ಬಟ್ಟೆ ಸುತ್ತಿ, ರಸದಲ್ಲಿ ಅದ್ದಿ, ಇನ್ನೊಂದು ಕೈಯಿಂದ ಎಲೆಗೆ ಅಡಿಯಿಂದ ಆಸರೆ ಕೊಟ್ಟು ಬುಡದಿಂದ ತುದಿಗೆ ಒಂದೆರಡು ಸಲ ಎಳೆಯಿರಿ. ಕಾರ್ಬೊರಂಡಮ್ ಎಲೆಯ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಗೀಚುತ್ತದೆ, ಆ ಗೀಚಿನಿಂದ ವೈರಸ್ ಒಳಗೆ ಹೋಗುತ್ತದೆ. ಮಕ್ಕಳ ಕೆನ್ನೆ ಒರೆಸುವಷ್ಟು ಒತ್ತಡ ಸಾಕು, ಜಾಸ್ತಿ ಒತ್ತಿದರೆ ಎಲೆ ಸುಟ್ಟ ಹಾಗೆ ಆಗಿ ಆ ಗಿಡದ ಲೆಕ್ಕವೇ ಹೋಗುತ್ತದೆ. ಐದು ನಿಮಿಷ ಬಿಟ್ಟು ನೀರು ಚಿಮುಕಿಸಿ. ಸಂಜೆ ಹೊತ್ತು ಮಾಡಿ, ಬಿಸಿಲಲ್ಲಿ ಬೇಡ. ಅರೆದ ರಸವನ್ನು ಒಂದು ಗಂಟೆಯೊಳಗೆ ಮುಗಿಸಿ. ಒಂದು ವಾರ ಬಿಟ್ಟು ಅದೇ ಗಿಡಗಳಿಗೆ ಇನ್ನೊಮ್ಮೆ ಹಚ್ಚಿ. ಎರಡನೇ ಸಲ ಬೇಡ ಅನ್ನಿಸುತ್ತದೆ, ಬೆನ್ನು ನೋಯುತ್ತಿರುತ್ತದೆ, ಆದರೂ ಮಾಡಿ. ಮೊದಲ ಸಲ ತಪ್ಪಿಸಿಕೊಂಡ ಗಿಡಗಳು ಸಿಕ್ಕಿಬೀಳುವುದು ಇಲ್ಲೇ.

ಹುಳದಿಂದ ಮಾತ್ರ ಹರಡುವ ವೈರಸ್‌ಗಳಿಗೆ ಈ ಉಪಾಯ ನಡೆಯಲ್ಲ. ಪಟ್ಟೆ ರೋಗಕ್ಕೆ ಸುಳಿ ತಿಗಣೆಯನ್ನೇ ನೆಟ್ ಹೌಸಿನಲ್ಲಿ ಸಾಕಿ, ರೋಗದ ಗಿಡದ ಮೇಲೆ ಬಿಟ್ಟು, ಆಮೇಲೆ ಸುಳಿಗೆ ಎಣಿಸಿ ಹಾಕಬೇಕು. ನೈಜೀರಿಯಾದ ಇಬಾದಾನ್‌ನಲ್ಲಿ ಐಐಟಿಎ ಅನ್ನೋ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಸ್ಟ್ರೀಕ್ ವೈರಸ್ಸಿಗೆ ಹೀಗೇ ಜಿಗಿಹುಳ ಸಾಕಿ ಗಿಡಗಳ ಮೇಲೆ ಬಿಟ್ಟು ತಳಿ ಆರಿಸಿದರು. ಸಣ್ಣ ಗುಂಪಿಗೆ ಇದು ಭಾರದ ಕೆಲಸ, ಮೊದಲು ಮೊಸಾಯಿಕ್‌ನಿಂದ ಶುರು ಮಾಡಿ.

ಇನ್ನೊಂದು ಎಚ್ಚರಿಕೆ. ಸೈನಿಕ ಹುಳು 2018ರಲ್ಲಿ ಬಂದ ಮೇಲೆ ಮಾರ್ಕೆಟ್ಟಿನ ಬೀಜಕ್ಕೆಲ್ಲ ಕೀಟನಾಶಕ ಲೇಪನ ಮಾಡಿಯೇ ಕೊಡುವುದು ಜಾಸ್ತಿಯಾಗಿದೆ. ಬಣ್ಣ ಹಚ್ಚಿದ ಬೀಜ ಬಿತ್ತಿದರೆ ಮೊದಲ ಎರಡು ಮೂರು ವಾರ ರಸ ಹೀರುವ ಹುಳ ಗಿಡದ ಮೇಲೆ ಉಳಿಯುವುದೇ ಇಲ್ಲ, ನಿಮಗೆ ಎಲ್ಲ ತಳಿಯೂ ತಡೆಯುವ ಹಾಗೆ ಕಾಣುತ್ತದೆ. ಪರೀಕ್ಷೆಯ ಪ್ಲಾಟಿಗೆ ಲೇಪನ ಇಲ್ಲದ ಬೀಜವೇ ಬೇಕು. ಸೈನಿಕ ಹುಳುವಿಗೆ ಸುಳಿಯೊಳಗೆ ಮರಳು ಹಾಕಿ, ಇಲ್ಲವೇ ಮೊಟ್ಟೆ ಆರಿಸಿ ಕೈಯಿಂದಲೇ ನಿಭಾಯಿಸಿ.

ಪ್ಲಾಟ್ ಹಾಕುವಾಗ ಪ್ರತಿ ಹತ್ತು ಸಾಲಿಗೆ ಒಂದು ಸಾಲು, ಬೇಗ ರೋಗ ಹಿಡಿಯುವ ತಳಿ ಹಾಕಿ. ಈ ಸಾಲನ್ನು ಎರಡು ವಾರ ಮೊದಲೇ ಬಿತ್ತಿ ಅದಕ್ಕೆ ಮೊದಲು ವೈರಸ್ ಹಚ್ಚಿ. ಅದು ರೋಗ ಹರಡುವ ಸಾಲೂ ಹೌದು, ನಿಮ್ಮ ಅಳತೆಗೋಲೂ ಹೌದು. ಆ ಸಾಲಿನಲ್ಲಿ ಹತ್ತಕ್ಕೆ ಒಂಬತ್ತು ಗಿಡಕ್ಕಾದರೂ ರೋಗ ಬಂದಿಲ್ಲ ಅಂದ್ರೆ ಆ ಸೀಸನ್ನಿನ ಆಯ್ಕೆ ಲೆಕ್ಕಕ್ಕಿಲ್ಲ, ಎಷ್ಟೇ ಸಂಕಟವಾದರೂ ಬಿಟ್ಟುಬಿಡಿ. ಪುಣೆ ಕಡೆ ಇದಕ್ಕೆ ಸರಿಯಾದ ಕಾಲ ಹಿಂಗಾರು, ಅಕ್ಟೋಬರ್ ಕೊನೆಯಿಂದ ನವೆಂಬರ್. ಚಳಿ ಶುರುವಾಗಿರುತ್ತದೆ, ಹೇನೂ ಇರುತ್ತದೆ, ಮೊಸಾಯಿಕ್ ಗುರುತೂ ಚೆನ್ನಾಗಿ ಕಾಣುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗುರುತು ಮಸುಕಾಗಿ ಮೋಸ ಮಾಡುತ್ತದೆ.

ಅಂಕ ಕೊಡೋದು

ಒಂದರಿಂದ ಐದು ಸಾಕು. ಏನೂ ಇಲ್ಲದಿದ್ದರೆ 1, ಅಲ್ಲೊಂದು ಇಲ್ಲೊಂದು ಮಚ್ಚೆ ಇದ್ದರೆ 2, ಮೇಲಿನ ಎಲೆಗಳಲ್ಲೆಲ್ಲ ಮೊಸಾಯಿಕ್ ಇದ್ದರೆ 3, ಅದರ ಜೊತೆ ಗಿಡ ಕುಳ್ಳಾದರೆ 4, ಬೆಳವಣಿಗೆಯೇ ನಿಂತರೆ ಅಥವಾ ಸತ್ತರೆ 5. ಹಚ್ಚಿದ ಎರಡು ವಾರಕ್ಕೆ ಒಮ್ಮೆ, ನಾಲ್ಕು ವಾರಕ್ಕೆ ಒಮ್ಮೆ, ಹೂ ಬಿಡುವ ಮುಂಚೆ ಒಮ್ಮೆ. ಅಂಕ ಕೊಡುವವರಿಗೆ ಸಾಲಿನ ನಂಬರ್ ಮಾತ್ರ ಗೊತ್ತಿರಲಿ, ತಳಿಯ ಹೆಸರು ಗೊತ್ತಿರಬಾರದು. ನಮಗೆ ಇಷ್ಟದ ತಳಿಗೆ ಕೈ ತಾನೇ ತಾನಾಗಿ ಕಡಿಮೆ ಅಂಕ ಬರೆಯುತ್ತದೆ, ಅದನ್ನು ನಾನು ನನ್ನಲ್ಲೇ ನೋಡಿದ್ದೇನೆ. ತುಂಬಾ ಚೆನ್ನಾಗಿ ಕಂಡ ಗಿಡಗಳ ಎಲೆಯನ್ನು ಎಲೈಸಾಗೆ ಕಳಿಸಿ. ಕೆಲವು ಗಿಡದೊಳಗೆ ವೈರಸ್ ತುಂಬಿದ್ದರೂ ಹೊರಗೆ ತೋರಿಸಲ್ಲ. ಅದು ಸಹಿಸುವ ಗಿಡ, ತಡೆಯುವ ಗಿಡ ಅಲ್ಲ. ಇಳುವರಿ ಕೊಟ್ಟರೆ ರೈತನಿಗೆ ಅದೂ ಉಪಯೋಗವೇ, ಆದರೆ ಪಕ್ಕದ ಹೊಲಕ್ಕೆ ಅದು ರೋಗದ ಬುಟ್ಟಿ. ಸಾಧ್ಯವಾದಷ್ಟು ತಡೆಯುವುದನ್ನೇ ಆರಿಸಿ.

ಕ್ರಾಸ್ ಮಾಡುವ ಕೈಕೆಲಸ

ಮೆಕ್ಕೆಜೋಳ ತಳಿ ಮಾಡುವವರಿಗೆ ದೇವರು ಕೊಟ್ಟ ಬೆಳೆ. ಗಂಡು ಹೂ ತುದಿಯಲ್ಲಿ, ಹೆಣ್ಣು ಹೂ ನಡುವೆ ತೆನೆಯಲ್ಲಿ, ಚಿಮಟದಿಂದ ಕೇಸರ ಕೀಳುವ ಕಷ್ಟ ಇಲ್ಲ. ತೆನೆಯಿಂದ ರೇಷ್ಮೆ ಕೂದಲು ಹೊರಗೆ ಬರುವ ಮುಂಚೆಯೇ ಬಟರ್ ಪೇಪರ್ ಚೀಲ ಹಾಕಬೇಕು. ಒಂದು ಎಳೆ ಹೊರಗೆ ಬಂದಿದ್ದರೂ ಆ ತೆನೆ ಬಿಡಿ, ಗಾಳಿಯಲ್ಲಿ ಯಾರ ಪರಾಗ ಬಿದ್ದಿದೆಯೋ ಗೊತ್ತಾಗಲ್ಲ. ರೇಷ್ಮೆ ಬಂದ ಸಂಜೆ ಚೀಲ ತೆಗೆದು, ತೆನೆಯ ತುದಿಯನ್ನು ಚಾಕುವಿನಿಂದ ನೇರ ಕತ್ತರಿಸಿ ತಕ್ಷಣ ಮತ್ತೆ ಮುಚ್ಚಿ. ಬೆಳಿಗ್ಗೆ ನೋಡಿದರೆ ಶೇವಿಂಗ್ ಬ್ರಷ್ಷಿನ ಹಾಗೆ ಸಮನಾಗಿ ಬೆಳೆದಿರುತ್ತದೆ. ಅದೇ ಸಂಜೆ ಗಂಡು ಹೂವಿಗೆ ಕಂದು ಕಾಗದದ ಚೀಲ ಬಿಗಿಯಾಗಿ ಕಟ್ಟಿ. ಹಳೆಯ ಪರಾಗ ರಾತ್ರಿಯಲ್ಲಿ ಸತ್ತು, ಬೆಳಿಗ್ಗೆ ಹೊಸದು ಬಿದ್ದಿರುತ್ತದೆ. ಒಂಬತ್ತರಿಂದ ಹನ್ನೊಂದರೊಳಗೆ ಗಂಡು ಹೂ ಬಗ್ಗಿಸಿ ತಟ್ಟಿ, ಚೀಲದಲ್ಲಿ ಬಿದ್ದ ಹಳದಿ ಪುಡಿಯನ್ನು ರೇಷ್ಮೆಯ ಮೇಲೆ ಸುರಿದು, ಅದೇ ಚೀಲವನ್ನು ತೆನೆಗೆ ಹಾಕಿ ಸ್ಟೇಪ್ಲರ್ ಹೊಡೆಯಿರಿ. ತಾಯಿ ನಂಬರ್, ತಂದೆ ನಂಬರ್, ದಿನಾಂಕ ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಇಬ್ಬನಿಗೆ ಹರಡಿಹೋಗುತ್ತದೆ. ತನ್ನದೇ ಪರಾಗ ಹಾಕಿದರೆ ಸೆಲ್ಫ್, ಬೇರೆಯದು ಹಾಕಿದರೆ ಕ್ರಾಸ್. ಬೇಸಿಗೆಯಲ್ಲಿ ಹನ್ನೊಂದು ದಾಟಿದರೆ ಪರಾಗದಲ್ಲಿ ಜೀವ ಇರಲ್ಲ.

ಈಗ ಯೋಜನೆ. ನಿಮ್ಮ ಹತ್ತಿರ ಇಳುವರಿಯ ಒಳ್ಳೆ ಒಳತಳಿ ಇದೆ, ರೋಗಕ್ಕೆ ಮಾತ್ರ ಸೋಲುತ್ತದೆ ಅಂದುಕೊಳ್ಳಿ. ಅದನ್ನು ತಡೆಯ ಮೂಲದ ಜೊತೆ ಕ್ರಾಸ್ ಮಾಡಿ, ಬಂದ ಮಕ್ಕಳನ್ನು ಮತ್ತೆ ಮತ್ತೆ ಇಳುವರಿ ತಳಿಗೇ ಕ್ರಾಸ್ ಮಾಡುತ್ತಾ ಹೋಗಬೇಕು. ಇದೇ ಬ್ಯಾಕ್‌ಕ್ರಾಸ್. ಮೊದಲ ಬ್ಯಾಕ್‌ಕ್ರಾಸಿಗೆ ಸರಾಸರಿ 75 ಭಾಗ ಇಳುವರಿ ತಳಿಯ ರಕ್ತ ಬರುತ್ತದೆ, ಎರಡನೆಯದಕ್ಕೆ 87.5, ಮೂರನೆಯದಕ್ಕೆ 93.75. ಪ್ರತಿ ಸಲವೂ ಎಳೆ ಗಿಡಕ್ಕೆ ವೈರಸ್ ಹಚ್ಚಿ, ತಡೆದವನ್ನು ಮಾತ್ರ ಮುಂದಕ್ಕೆ ಒಯ್ಯಿರಿ. ವೈರಸ್ಸಿನ ಗುರುತು ಹೂ ಬಿಡುವ ಎಷ್ಟೋ ಮೊದಲೇ ಬರುವುದರಿಂದ ಅದೇ ಸೀಸನ್ನಿನಲ್ಲಿ ಆರಿಸಿ ಅದೇ ಸೀಸನ್ನಿನಲ್ಲಿ ಕ್ರಾಸ್ ಮಾಡಬಹುದು. ಇಳುವರಿಗೆ ಆರಿಸುವವರಿಗೆ ಈ ಭಾಗ್ಯ ಇಲ್ಲ.

ಎಷ್ಟು ಗಿಡ ಬೇಕು ಅನ್ನೋದನ್ನು ಸುಮ್ನೆ ಊಹೆ ಮಾಡಬೇಡಿ. ಎಸ್‌ಸಿಎಂವಿ1 ಮತ್ತು 2 ಎರಡೂ ಬೇಕಂದ್ರೆ ಬ್ಯಾಕ್‌ಕ್ರಾಸಿನಲ್ಲಿ ನಾಲ್ಕು ಗಿಡಕ್ಕೆ ಒಂದರಲ್ಲಿ ಎರಡೂ ಬರುತ್ತವೆ. ನೂರಕ್ಕೆ ತೊಂಬತ್ತೊಂಬತ್ತು ಭರವಸೆಯಲ್ಲಿ ಅಂಥ ಒಂದು ಗಿಡವಾದರೂ ಸಿಗಬೇಕಾದರೆ 17 ಗಿಡ ಬೇಕು. ಕೊನೆಗೆ ಸೆಲ್ಫ್ ಮಾಡಿ ಎರಡೂ ಜಾಗದಲ್ಲಿ ಜೋಡಿ ಜೀನು ಕೂಡಿಸುವಾಗ ಹದಿನಾರಕ್ಕೆ ಒಂದು, ಆಗ 72 ಗಿಡ ಬೇಕು. ಇದು ಲೆಕ್ಕದ ಕನಿಷ್ಠ. ಹಂದಿ, ಗಿಳಿ, ಮೊಳಕೆ ಬಾರದ ಕಾಳು ಎಲ್ಲ ನೆನೆಸಿಕೊಂಡು ನಾನು ಎರಡರಷ್ಟು ಬಿತ್ತುತ್ತೇನೆ.

ತಡೆ ಬಲಹೀನ ಜೀನಿನದಾದರೆ, ಅಂದ್ರೆ ತಾಯಿ ತಂದೆ ಇಬ್ಬರಿಂದಲೂ ಬಂದಾಗ ಮಾತ್ರ ಕಾಣುವಂಥದ್ದಾದರೆ, ದಾರಿ ಬದಲಾಗುತ್ತದೆ. ಲೀಥಲ್ ನೆಕ್ರೋಸಿಸ್‌ಗೆ ಕೆಎಸ್23 ಗುಂಪಿನ ಥಾಯ್ಲೆಂಡ್ ಮೂಲದ ತಳಿಗಳಲ್ಲಿ ಸಿಕ್ಕ ಆರನೇ ಕ್ರೋಮೊಸೋಮಿನ ತಡೆ ಇಂಥದ್ದು. ಬ್ಯಾಕ್‌ಕ್ರಾಸಿನ ಗಿಡದಲ್ಲಿ ಅದು ಅಡಗಿ ಕೂತಿರುತ್ತದೆ, ವೈರಸ್ ಹಚ್ಚಿದರೆ ಎಲ್ಲವೂ ಸೋಲುತ್ತವೆ. ಆಗ ಆ ಜೀನು ಇದೆಯೋ ಇಲ್ಲವೋ ಅಂತ ಲ್ಯಾಬಿನಲ್ಲಿ ತೋರಿಸುವ ಡಿಎನ್‌ಎ ಮಾರ್ಕರ್ ಬೇಕು, ಇಲ್ಲವೇ ಪ್ರತಿ ಸಲ ಸೆಲ್ಫ್ ಮಾಡಿ ನೋಡಬೇಕು, ಅದಕ್ಕೆ ಎರಡರಷ್ಟು ಕಾಲ. ಹೈಬ್ರಿಡ್ ಮಾಡುವಾಗ ಗಂಡು ತಳಿ, ಹೆಣ್ಣು ತಳಿ ಎರಡರಲ್ಲೂ ಅದು ಇರಲೇಬೇಕು.

ಬೇಗ ಬೇಕು ಅನ್ನುವವರಿಗೆ ಡಬಲ್ ಹ್ಯಾಪ್ಲಾಯ್ಡ್ ಇದೆ. ವಿಶೇಷ ಗಂಡು ತಳಿಯ ಪರಾಗ ಹಾಕಿದಾಗ ಕೆಲವು ಕಾಳು ತಾಯಿಯ ಅರ್ಧ ಕ್ರೋಮೊಸೋಮಿನಿಂದ ಮಾತ್ರ ಹುಟ್ಟುತ್ತವೆ. ಕಾಳಿನ ನೆತ್ತಿ ನೇರಳೆ, ಒಳಗಿನ ಭ್ರೂಣ ಬಿಳಿ, ಹಾಗೆ ಗುರುತು ಹಿಡಿಯುತ್ತಾರೆ. ಅದನ್ನು ಕಾಲ್ಚಿಸಿನ್‌ನಿಂದ ದುಪ್ಪಟ್ಟು ಮಾಡಿದರೆ ಆರೇಳು ಸಲ ಸೆಲ್ಫ್ ಮಾಡಿ ಬರಬೇಕಾದ ಶುದ್ಧ ತಳಿ ಎರಡೇ ಬೆಳೆಯಲ್ಲಿ ಬರುತ್ತದೆ. ಕಾಲ್ಚಿಸಿನ್ ವಿಷ, ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ನಮ್ಮ ಕುಣಿಗಲ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮತ್ತು ಸಿಮ್ಮಿಟ್ ಸೇರಿ 2021ರಲ್ಲಿ ಇದಕ್ಕೇ ಒಂದು ಕೇಂದ್ರ ತೆರೆದಿವೆ, ಅಲ್ಲಿ ವಿಚಾರಿಸಿ.

ಹೈಬ್ರಿಡ್ ಬೇಡ ಅನ್ನುವ ರೈತರ ಗುಂಪಿಗೆ

ನನಗೆ ಮನಸ್ಸಿಗೆ ಹತ್ತಿರವಾದ ದಾರಿ ಇದು. ಆಫ್ರಿಕನ್ ಟಾಲ್, ಮಾಂಜರಿಯಂಥ ಸಂಯುಕ್ತ ತಳಿಗಳಲ್ಲಿ ಬೀಜವನ್ನು ರೈತರೇ ಉಳಿಸಿಕೊಳ್ಳಬಹುದು. ಸುತ್ತ 400 ಮೀಟರಿನೊಳಗೆ ಬೇರೆ ಮಕಾ ಹೂ ಬಿಡದ ಜಾಗ ನೋಡಿ, ಇಲ್ಲವೇ ಬಿತ್ತನೆಯನ್ನು ಒಂದು ತಿಂಗಳು ಹಿಂದೆ ಮುಂದೆ ಮಾಡಿ. ಎರಡು ಮೂರು ಸಾವಿರ ಗಿಡ ಬೆಳೆಸಿ. ಎಲ್ಲಕ್ಕೂ ವೈರಸ್ ಹಚ್ಚಿ, ಅಂಕ ಕೊಟ್ಟು, 3ಕ್ಕಿಂತ ಮೇಲೆ ಬಂದ ಪ್ರತಿ ಗಿಡದ ಗಂಡು ಹೂವನ್ನು ಪರಾಗ ಉದುರುವ ಮುಂಚೆಯೇ ಕಿತ್ತುಹಾಕಿ. ಇಷ್ಟು ಮಾಡಿದರೆ ತಾಯಿಯೂ ಆಯ್ದದ್ದು, ತಂದೆಯೂ ಆಯ್ದದ್ದು, ಮುನ್ನಡೆ ಬೇಗ ಬರುತ್ತದೆ. ಬರೀ ತೆನೆ ಆರಿಸಿದರೆ ಅರ್ಧ ಕೆಲಸ, ಯಾಕಂದ್ರೆ ರೋಗದ ಗಿಡಗಳ ಪರಾಗ ಆಗಲೇ ಎಲ್ಲ ಕಡೆ ಬಿದ್ದಿರುತ್ತದೆ. ಕೊಯ್ಲಿನಲ್ಲಿ ಗಟ್ಟಿ ದಂಟಿನ, ತುಂಬಿದ ತೆನೆಯ ಗಿಡಗಳಿಂದ ಕಡಿಮೆ ಅಂದ್ರೂ 150 ತೆನೆ ಆರಿಸಿ, ಪ್ರತಿಯೊಂದರಿಂದ ಒಂದೇ ಲೆಕ್ಕದ ಕಾಳು ತೆಗೆದು ಬೆರೆಸಿ. ಹತ್ತಿಪ್ಪತ್ತು ಒಳ್ಳೆ ತೆನೆಯಿಂದ ಮಾತ್ರ ಬೀಜ ತೆಗೆದರೆ ರಕ್ತಸಂಬಂಧ ಹತ್ತಿರವಾಗಿ ಮೂರನೇ ಬೆಳೆಗೆ ಗಿಡ ಸೊರಗುತ್ತದೆ. ಮೂರು ನಾಲ್ಕು ಸುತ್ತು ಹೀಗೆ ಮಾಡಿ. ಪ್ರತಿ ಸುತ್ತಿನ ಬೀಜದಲ್ಲೂ ಒಂದು ಕಿಲೋ ತೆಗೆದಿಟ್ಟು, ಕೊನೆಗೆ ಎಲ್ಲವನ್ನೂ ಪಕ್ಕಪಕ್ಕದಲ್ಲಿ ಬಿತ್ತಿದರೆ ಎಷ್ಟು ದೂರ ಬಂದಿದ್ದೀರಿ ಅಂತ ಕಣ್ಣಿಗೇ ಕಾಣುತ್ತದೆ.

ತಳಿ ಯಾವ ದಾರಿಯಲ್ಲಿ ಬಂದರೂ ಅದನ್ನು ಎರಡು ರೀತಿ ನೋಡಿ. ರೋಗ ಹಚ್ಚಿ ಒಂದು ಪ್ಲಾಟು, ರೋಗ ಇಲ್ಲದೆ ಒಂದು ಪ್ಲಾಟು. ಎರಡು ಸೀಸನ್, ಎರಡು ಮೂರು ಊರು. ರೋಗ ಇಲ್ಲದ ವರ್ಷ ಮಾಮೂಲಿ ತಳಿಗಿಂತ ಇಳುವರಿ ಕಡಿಮೆ ಬಂದರೆ ರೈತ ಅದನ್ನು ಮುಟ್ಟಲ್ಲ, ಮುಟ್ಟಬಾರದು ಕೂಡ. ರಸಮೇವಿಗೆ ಬೆಳೆಯುವವರಿದ್ದರೆ ಹಸಿ ತೂಕ, ಎಲೆ ಎಷ್ಟು ದಿನ ಹಸಿರಾಗಿ ಉಳಿಯುತ್ತದೆ ಅನ್ನೋದನ್ನೂ ಬರೆದಿಡಿ.

ಕಾನೂನಿನ ವಿಷಯ ಚಿಕ್ಕದಾಗಿ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ, 2001ರ ಪ್ರಕಾರ ನೋಂದಣಿಯಾದ ತಳಿಯನ್ನು ಹೊಸ ತಳಿ ಮಾಡಲು ಮೂಲವಾಗಿ ಬಳಸಬಹುದು. ಆದರೆ ಅದನ್ನೇ ಮತ್ತೆ ಮತ್ತೆ ತಾಯಿ ತಳಿಯಾಗಿ ಬಳಸಿ ಬೀಜ ಮಾಡಿ ಮಾರಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ರೈತರ ತಳಿಯನ್ನೂ ನೋಂದಾಯಿಸಬಹುದು, ಇದರ ಶಾಖಾ ಕಚೇರಿ ಪುಣೆಯಲ್ಲೂ ಇದೆ, ಶಿವಮೊಗ್ಗದಲ್ಲೂ ಇದೆ.

ಈ ಹಿಂಗಾರಿಗೇ ಶುರು ಮಾಡುವವರು ಸೆಪ್ಟೆಂಬರಿನಲ್ಲೇ ಹತ್ತಿರದ ಕಬ್ಬಿನ ಹೊಲ ಸುತ್ತಿ ಮಜ್ಜಿಗೆ ಚೆಲ್ಲಿದ ಎಲೆ ಹುಡುಕಿ, ಪರೀಕ್ಷೆಗೆ ಕಳಿಸಿ. ವರದಿ ಬರುವಷ್ಟರಲ್ಲಿ ನೆಟ್ ಹೌಸಿನ ಕುಂಡಗಳಲ್ಲಿ ಬೇಗ ರೋಗ ಹಿಡಿಯುವ ತಳಿಯ ಇಪ್ಪತ್ತು ಗಿಡ ಎದ್ದಿರಲಿ. ವೈರಸ್ ಖಚಿತವಾದ ದಿನವೇ ಅವಕ್ಕೆ ಹಚ್ಚಿ ಉಳಿಸಿಕೊಳ್ಳಿ, ಅಕ್ಟೋಬರಿನಲ್ಲಿ ಹೊಲಕ್ಕೆ ಬೇಕಾದ ರಸ ಆ ಗಿಡಗಳಿಂದಲೇ ಸಿಗಬೇಕು.